ಎಲ್ಲಿಂದ ಬಂದಿರಿ, ಯಾ ಊರು ನಿಮ್ಮದು

ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಮಕ್ಕಳು ಬಂದು ಕೂತ ಮೊದಲ ವಾರ ನಾನು ಒಂದೇ ಕೆಲಸ ಕೊಡುತ್ತೇನೆ. ನಿಮ್ಮ ಬಗ್ಗೆ ಇಂಗ್ಲಿಷಿನಲ್ಲಿ 10 ಸಾಲು ಬರೆದುಕೊಂಡು ಬನ್ನಿ. ಸಿಂಧನೂರಿನ ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಲು ಸೇರಿ 11 ವರ್ಷವಾಯಿತು. ಅಷ್ಟೂ ವರ್ಷ ಆ 10 ಸಾಲಿನಲ್ಲಿ ಎರಡನೆಯ ಸಾಲು ಬದಲಾಗಿಲ್ಲ. ‘ಐ ಆ್ಯಮ್ ಕಮಿಂಗ್ ಫ್ರಮ್ ತುರ್ವಿಹಾಳ.’ ‘ಐ ಆ್ಯಮ್ ಕಮಿಂಗ್ ಫ್ರಮ್ ಜವಳಗೇರಾ.’ ‘ಐ ಆ್ಯಮ್ ಕಮಿಂಗ್ ಫ್ರಮ್ ಪೋತ್ನಾಳ.’ ಕೆಂಪು ಪೆನ್ನಿನಿಂದ ‘ಆ್ಯಮ್ ಕಮಿಂಗ್’ ಹೊಡೆದುಹಾಕಿ ಮೇಲೆ ‘ಕಮ್’ ಅಂತ ಬರೆಯುವುದು ಎಷ್ಟು ರೂಢಿಯಾಗಿತ್ತೆಂದರೆ, ಸಾಲು ಪೂರ್ತಿ ಓದುವ ಮೊದಲೇ ಕೈ ಓಡುತ್ತಿತ್ತು. ಮರುದಿನ ಬೋರ್ಡಿನ ಮೇಲೆ ಎರಡು ವಾಕ್ಯ ಬರೆದು ಹೇಳುತ್ತಿದ್ದೆ: ‘ಐ ಆ್ಯಮ್ ಕಮಿಂಗ್ ಫ್ರಮ್ ಜವಳಗೇರಾ’ ಅಂದರೆ ನೀನು ಈಗ ಬಸ್ಸಿನಲ್ಲಿದ್ದೀಯ, ಇನ್ನೂ ಮುಟ್ಟಿಲ್ಲ. ‘ಐ ಕಮ್ ಫ್ರಮ್ ಜವಳಗೇರಾ’ ಅಂದರೆ ಅದು ನಿನ್ನ ಊರು. ಒಂದು ಇವತ್ತಿನ ಮಾತು, ಇನ್ನೊಂದು ಎಂದಿನ ಮಾತು. ಊರು ಹೇಳುವುದಿದ್ದರೆ ಸಿಂಪಲ್ ಪ್ರೆಸೆಂಟ್. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪಾಠ ಮುಂದೆ ಹೋಗುತ್ತಿತ್ತು.

ಮೂರು ವರ್ಷದ ಹಿಂದೆ ಹಾಗೆ ಮುಂದೆ ಹೋಗಲಿಲ್ಲ. ಆ ಬ್ಯಾಚಿನಲ್ಲಿ ಬಂಗಾಲಿ ಕ್ಯಾಂಪಿನ ಹುಡುಗಿಯೊಬ್ಬಳಿದ್ದಳು. ಸಿಂಧನೂರಿನ ಆಸುಪಾಸಿನ ಆರ್‌ಎಚ್ ಕ್ಯಾಂಪುಗಳು ನಮ್ಮ ಭಾಗದವರಿಗೆ ಗೊತ್ತೇ ಇವೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಕುಟುಂಬಗಳಿಗೆ ಸರಕಾರ ಭೂಮಿ ಕೊಟ್ಟು ಕೂಡಿಸಿದ ಊರುಗಳು, ಊರ ಹೆಸರಿನ ಜಾಗದಲ್ಲಿ ನಂಬರು. ಆ ಹುಡುಗಿ ಬರೆದದ್ದು ಹೀಗಿತ್ತು: ‘ಐ ಕಮ್ ಫ್ರಮ್ ಸಿಂಧನೂರು. ಮೈ ಫ್ಯಾಮಿಲಿ ಕೇಮ್ ಫ್ರಮ್ ಖುಲ್ನಾ.’ ಮೊದಲನೆಯ ಸಾಲಿಗೆ ಸರಿ ಗುರುತು ಹಾಕಿದೆ. ಎರಡನೆಯ ಸಾಲಿನ ‘ಕೇಮ್’ ಹೊಡೆದು ‘ಕಮ್ಸ್’ ಮಾಡಿದೆ. ಮೂಲ ಹೇಳುವುದಕ್ಕೆ ಸಿಂಪಲ್ ಪ್ರೆಸೆಂಟ್, ನನ್ನದೇ ನಿಯಮ.

ಮರುದಿನ ತಾಸು ಮುಗಿದ ಮೇಲೆ ಅವಳು ನೋಟ್‌ಬುಕ್ ಹಿಡಿದುಕೊಂಡು ಟೇಬಲ್ಲಿನ ಹತ್ತಿರ ಬಂದು ನಿಂತಳು. ಉಳಿದವರು ಹೊರಗೆ ಹೋಗುವ ತನಕ ಕಾದಳು. ಆಮೇಲೆ ನಿಧಾನಕ್ಕೆ, “ಮೇಡಂ, ಇದು ತಪ್ಪಾಗೇತ್ರಿ,” ಅಂದಳು. ಯಾವುದು ಅಂತ ಕೇಳಿದೆ. “ನಮ್ಮಜ್ಜ ಬಂದ್ರು. ಒಂದ್ಸಲ ಬಂದ್ರು, ಮುಗೀತು. ನೀವು ತಿದ್ದಿದಂಗ ಓದಿದ್ರ ನಾವು ಇನ್ನೂ ಖುಲ್ನಾದವ್ರು ಅಂತ ಆಗ್ತೈತ್ರಿ. ನಮ್ಮಪ್ಪ ಹುಟ್ಟಿದ್ದೂ ಇಲ್ಲೇ ರೀ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದ ತಪ್ಪು ತೋರಿಸುವವರ ಹಾಗೆ ಬೆರಳಿಟ್ಟು ತೋರಿಸಿದಳು, ಕೆಂಪು ‘ಕಮ್ಸ್’ನ ಕೆಳಗೆ, ಪೆನ್ಸಿಲ್ಲಿನಲ್ಲಿ ತಾನು ತಿರುಗಿ ಬರೆದುಕೊಂಡಿದ್ದ ಸಣ್ಣ ‘ಕೇಮ್’. ಅಳಿಸಿದರೆ ಹೋಗುವಂತೆ ಬರೆದಿದ್ದಳು. ನಾನು ಒಪ್ಪದೆ ಹೋದರೆ ಅಳಿಸಬಹುದಲ್ಲ ಅಂತ.

ಅವಳು ಬರೆದದ್ದೇ ಸರಿಯಿತ್ತು. ಇಂಗ್ಲಿಷಿನ ವ್ಯಾಕರಣದಲ್ಲೂ ಸರಿ, ಅವಳ ಬದುಕಿನಲ್ಲೂ ಸರಿ. ‘ಕಮ್ ಫ್ರಮ್’ ಅಂದರೆ ಇವತ್ತಿಗೂ ಅದೇ ನನ್ನ ನೆಲೆ. ‘ಕೇಮ್ ಫ್ರಮ್’ ಅಂದರೆ ಒಂದು ಕಾಲದಲ್ಲಿ ಒಂದು ಪ್ರಯಾಣ ಆಯಿತು, ಮುಗಿಯಿತು. ನಾನು ಒಂದು ಅಕ್ಷರ ತಿದ್ದಿ, ಸರಕಾರಿ ಕಾಗದಪತ್ರಗಳು ಮಾಡಬಾರದ್ದನ್ನು ಮಾಡಿಬಿಟ್ಟಿದ್ದೆ. ಆ ಮನೆಯವರನ್ನು ವಾಪಸ್ ಖುಲ್ನಾಕ್ಕೆ ಕಳಿಸಿದ್ದೆ. ‘ತಪ್ಪು ನನ್ನದು’ ಅಂದು ಕೆಂಪು ಅಕ್ಷರ ಹೊಡೆದುಹಾಕಿದೆ. ಅವಳು ಹೋದಳು. ಆದರೆ ಅವತ್ತಿನಿಂದ ಈ ‘ಫ್ರಮ್’ ನನ್ನನ್ನು ಬಿಟ್ಟಿಲ್ಲ.

ಕನ್ನಡದಲ್ಲಿ ಯಾರೂ ಊರಿನಿಂದ ಬರುವುದಿಲ್ಲ

ನಮ್ಮ ಹುಡುಗರು ‘ಕಮಿಂಗ್ ಫ್ರಮ್’ ಅಂತ ಯಾಕೆ ಬರೆಯುತ್ತಾರೆ ಅನ್ನುವುದನ್ನು ನಾನು ಅಲ್ಲಿಯವರೆಗೂ ಸರಿಯಾಗಿ ಯೋಚಿಸಿರಲಿಲ್ಲ. ಕನ್ನಡದ ನೆರಳು ಅಂತ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಕನ್ನಡದಲ್ಲಿ ಯಾರೂ ತಮ್ಮ ಊರು ಹೇಳುವಾಗ ‘ಬರು’ ಅನ್ನುವ ಕ್ರಿಯಾಪದವನ್ನೇ ಮುಟ್ಟುವುದಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಮುದುಕ, “ಯಾ ಊರ್ರಿ ನಿಮ್ಮದು?” ಅನ್ನುತ್ತಾನೆ. “ನಮ್ಮದು ಕುಷ್ಟಗಿ ರೀ,” ಅನ್ನುತ್ತೇನೆ. ಅಲ್ಲಿ ಕ್ರಿಯಾಪದವೇ ಇಲ್ಲ. ಊರು ನಮ್ಮದು. ಅಥವಾ ತಿರುಗಿಸಿ ಹೇಳಿದರೆ ನಾನು ಕುಷ್ಟಗಿಯವಳು, ಊರಿಗೆ ಸೇರಿದವಳು. ಎರಡರಲ್ಲೂ ಇರುವುದು ಷಷ್ಠಿ. ಯಾರದು ಯಾವುದು ಅನ್ನುವ ಸಂಬಂಧ. “ಎಲ್ಲಿಂದ ಬಂದ್ರಿ?” ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ‘ಮಸ್ಕಿಯಿಂದ, ಒಂಬತ್ತರ ಬಸ್ಸಿಗೆ’. ಊರು ಕೇಳುವುದು ಒಂದು, ಹಾದಿ ಕೇಳುವುದು ಇನ್ನೊಂದು. ಇವೆರಡನ್ನೂ ಕಲಸಿಕೊಳ್ಳುವ ಕನ್ನಡಿಗ ನನಗೆ ಸಿಕ್ಕಿಲ್ಲ.

ಇಂಗ್ಲಿಷ್ ಮಾತ್ರ ಮೂಲವನ್ನು ಹೇಳುವಾಗೆಲ್ಲ ಒಂದು ನಡಿಗೆಯನ್ನು ತರುತ್ತದೆ. ‘ಕಮ್ ಫ್ರಮ್’ನಲ್ಲಿ ಬರುವುದಿದೆ. ‘ಡಿಸೆಂಡ್ ಫ್ರಮ್’ನಲ್ಲಿ ಇಳಿಯುವುದಿದೆ. ‘ಸ್ಪ್ರಿಂಗ್ ಫ್ರಮ್’ನಲ್ಲಿ ಚಿಮ್ಮುವುದಿದೆ. ‘ಸ್ಟೆಮ್ ಫ್ರಮ್’ನಲ್ಲಿ ಗಿಡದ ಕಾಂಡ. ಪತ್ರಿಕೆಗಳಿಗೆ ಬಲು ಇಷ್ಟದ ‘ಹೇಲ್ಸ್ ಫ್ರಮ್’ ಸಮುದ್ರದಿಂದ ಬಂದದ್ದು: ಎದುರಾದ ಹಡಗನ್ನು ಕೂಗಿ ಎಲ್ಲಿಯದು ಅಂತ ಕೇಳುತ್ತಿದ್ದರು, ಅದು ತನ್ನ ಬಂದರಿನ ಹೆಸರು ಹೇಳುತ್ತಿತ್ತು. ಸಮುದ್ರದ ಮುಖ ನೋಡದ ರಾಯಚೂರು ಜಿಲ್ಲೆಯ ಕವಿಗಳು, ಕುಸ್ತಿಪಟುಗಳು, ಐಎಎಸ್ ಪಾಸಾದವರು ಎಲ್ಲರೂ ಇಂಗ್ಲಿಷ್ ಪೇಪರಿನಲ್ಲಿ ಹೀಗೆ ಹಡಗುಗಳಾಗುತ್ತಾರೆ. ಊರು ಬಿಟ್ಟು ದೂರ ಹೊರಟವರ ಭಾಷೆಗೆ ಮೂಲ ಅಂದರೆ ಬೆನ್ನ ಹಿಂದಿನ ಜಾಗ. ನಮಗೆ ಅದು ಕಾಲ ಕೆಳಗಿನ ಜಾಗ.

ಹಾಗಾದರೆ ‘ಐ ಆ್ಯಮ್ ಕಮಿಂಗ್’ ಎಲ್ಲಿಂದ ಹುಟ್ಟಿತು? ನನಗೆ ತೋಚಿದ್ದು ಇಷ್ಟು. ಇಂಗ್ಲಿಷಿನಲ್ಲಿ ಊರು ಹೇಳಬೇಕಾದರೆ ‘ಬರಬೇಕು’ ಅಂತ ಮಗು ಕಲಿಯುತ್ತದೆ. ಬರುವುದು ಅಂದರೆ ಅದರ ಮನಸ್ಸಿನಲ್ಲಿ ನಿಜವಾದ ಬರುವುದೇ, ಬಸ್ಸು ಹತ್ತಿ ಟಿಕೆಟು ತೆಗೆದುಕೊಂಡು ಬರುವುದು. ನಮ್ಮ ತರಗತಿಯ ಅರ್ಧ ಮಕ್ಕಳು ದಿನಾ ಬೆಳಗ್ಗೆ ಹಾಗೇ ಬರುತ್ತಾರಲ್ಲ. ಅವರ ವಾಕ್ಯ ತಪ್ಪೇ ಇರಬಹುದು, ಅದರ ಒಳಗಿನ ತಿಳಿವಳಿಕೆ ತಪ್ಪಲ್ಲ.

ಕನ್ನಡದಲ್ಲಿ ಮನುಷ್ಯರ ಮೂಲಕ್ಕೆ ‘ಇಂದ’ ಹಚ್ಚಿ ‘ಬಂದವರು’ ಅನ್ನುವುದು ಒಂದೇ ಸಂದರ್ಭದಲ್ಲಿ, ಅವರು ನಮ್ಮವರಲ್ಲ ಅನ್ನುವುದಕ್ಕೆ. ‘ಆಂಧ್ರದಿಂದ ಬಂದವರು.’ ‘ಬಂಗಾಲದಿಂದ ಬಂದವರು.’ ತುಂಗಭದ್ರಾ ಎಡದಂಡೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಗಂಗಾವತಿ, ಸಿಂಧನೂರು ಸುತ್ತ ಹೊಲ ಕೊಂಡು ಕ್ಯಾಂಪು ಕಟ್ಟಿ ಭತ್ತ ಬೆಳೆದರು. ಅವರ ಮೊಮ್ಮಕ್ಕಳು ಈಗ ನನ್ನ ತರಗತಿಯಲ್ಲಿ ಇದ್ದಾರೆ. ಕನ್ನಡ ಪರೀಕ್ಷೆಯಲ್ಲಿ ಅವರಿಗೆ ಊರಿನ ಮಕ್ಕಳಿಗಿಂತ ಹೆಚ್ಚು ಅಂಕ ಬಂದದ್ದೂ ಉಂಟು. ಆದರೂ ಸ್ಟಾಫ್‌ರೂಮಿನಲ್ಲಿ ಅವರು ‘ಬಂದವರು’. ಬಂದು 60 ವರ್ಷವಾಗಲಿ, ಬಂದವರ ಬರುವುದು ಮುಗಿಯುವುದೇ ಇಲ್ಲ. ಇಂಗ್ಲಿಷಿನವನು ಆ ಮಾತಿಗೆ ‘ಕೇಮ್’ ಬಳಸಿ ಬಾಗಿಲು ಮುಚ್ಚುತ್ತಾನೆ. ನಾವು ‘ಬಂದ’ ಅನ್ನುವ ಭೂತಕಾಲದ ರೂಪವನ್ನೇ ಹಿಡಿದು, ಅದಕ್ಕೆ ‘ಅವರು’ ಸೇರಿಸಿ, ಜನ್ಮಪೂರ್ತಿ ಹೊರುವ ಹೆಸರು ಮಾಡಿಬಿಟ್ಟಿದ್ದೇವೆ.

ಒಂದು ‘ಇಂದ’ದ ಮೇಲೆ ಎಷ್ಟು ಹೊರೆ

ಪ್ರಿಪೊಸಿಷನ್ ಕಲಿಸುವುದು ಅಂದರೆ ನಮ್ಮಲ್ಲಿ ಬಿಟ್ಟ ಸ್ಥಳ ತುಂಬುವುದು. ಗೈಡಿನಲ್ಲಿ ಪಟ್ಟಿ ಇರುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ದಿನ ಮರೆಯುತ್ತಾರೆ. ಆ ವರ್ಷ ನಾನು ಪಟ್ಟಿ ಬದಿಗಿಟ್ಟು ಬೋರ್ಡಿನ ಮೇಲೆ ಕನ್ನಡ ವಾಕ್ಯಗಳನ್ನೇ ಬರೆದೆ. ಕುಡಗೋಲಿನಿಂದ ಕೊಯ್ದರು. ಹೊಲದಿಂದ ಬಂದರು. ಹಾಲಿನಿಂದ ಮೊಸರು ಮಾಡಿದರು. ಜ್ವರದಿಂದ ಸತ್ತರು. ಮೊನ್ನೆಯಿಂದ ಮಳೆ. ಇದು ನನ್ನಿಂದ ಆಗುವುದಿಲ್ಲ. ಎಲ್ಲದರಲ್ಲೂ ಒಂದೇ ಪ್ರತ್ಯಯ. ಇಂಗ್ಲಿಷಿಗೆ ಹೋದರೆ ಕುಡಗೋಲಿಗೆ ‘ವಿತ್’, ಹೊಲಕ್ಕೆ ‘ಫ್ರಮ್’, ಹಾಲಿಗೂ ‘ಫ್ರಮ್’, ಜ್ವರಕ್ಕೆ ‘ಆಫ್’, ಮೊನ್ನೆಗೆ ‘ಸಿನ್ಸ್’, ಕೊನೆಯದರಲ್ಲಿ ಪ್ರತ್ಯಯವೇ ಮಾಯವಾಗಿ ‘ಐ’ ಬಂದು ಕರ್ತೃವಿನ ಕುರ್ಚಿಯಲ್ಲಿ ಕೂರುತ್ತದೆ. ‘ವಿ ಆರ್ ಹಿಯರ್ ಫ್ರಮ್ ಟೆನ್ ಇಯರ್ಸ್’ ಅಂತ ಮಗು ಬರೆದರೆ ಅದು ಸೋಮಾರಿತನವಲ್ಲ. ‘ಹತ್ತು ವರ್ಷದಿಂದ’ ಅನ್ನುವುದರಲ್ಲಿರುವ ‘ಇಂದ’ವನ್ನು ಅದು ನಿಯತ್ತಾಗಿ ಹೊತ್ತು ತಂದಿದೆ.

ಶಾಲೆಯ ಕನ್ನಡ ವ್ಯಾಕರಣದಲ್ಲಿ ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಅಂತ ಓದಿದ್ದು ಎಲ್ಲರಿಗೂ ನೆನಪಿರುತ್ತದೆ. ಈ ‘ದೆಸೆಯಿಂದ’ವನ್ನು ಮಾತಿನಲ್ಲಿ ಯಾರೂ ಆಡಿದ್ದು ಕೇಳಿಲ್ಲ, ಹಾಗಾಗಿ ಚಿಕ್ಕವಳಿದ್ದಾಗ ಅದು ಸಂಸ್ಕೃತಕ್ಕೆ ಸಮ ಮಾಡಲು ತುರುಕಿದ್ದು ಅಂತ ಅನ್ನಿಸುತ್ತಿತ್ತು. 13ನೆಯ ಶತಮಾನದ ಕೇಶಿರಾಜ ಪಂಚಮಿಗೆ ಕೊಟ್ಟ ಪ್ರತ್ಯಯ ‘ಅತ್ತಣಿಂ’. ಅತ್ತಣ ಅಂದರೆ ಅತ್ತ ಕಡೆಯ. ದೆಸೆ ಅಂದರೂ ಕಡೆ, ದಿಕ್ಕು. ಈಗ ನಮ್ಮ ಜನ ಏನನ್ನುತ್ತಾರೆ ನೋಡಿ: ‘ಅವರು ರಾಯಚೂರು ಕಡೆಯವರು.’ ಗುಳೆ ಹೋದ ನಮ್ಮ ಮಂದಿಯನ್ನು ಬೆಂಗಳೂರಿನ ಮೇಸ್ತ್ರಿ ಕೇಳುವುದು ‘ಯಾವ ಕಡೆಯವರಪ್ಪಾ?’ ಅಂತಲೇ. ಊರಿನ ಹೆಸರು ಹೇಳಿದರೆ ಕೇಳುವವನಿಗೆ ಗೊತ್ತಾಗುವುದಿಲ್ಲ, ಕಡೆ ಹೇಳಿದರೆ ಸಾಕು. ವ್ಯಾಕರಣದ ಪುಸ್ತಕದಲ್ಲಿ ಸತ್ತುಹೋಗಿದೆ ಅಂತ ನಾನು ತಿಳಿದದ್ದು ಕಟ್ಟಡದ ಕೆಲಸದ ಶೆಡ್ಡುಗಳಲ್ಲಿ ಬೇರೆ ಉಡುಪಿನಲ್ಲಿ ಓಡಾಡಿಕೊಂಡಿತ್ತು.

ಇಲ್ಲಿ ಒಂದು ಹಳೆಯ ಕಾಗದದ ವಿಷಯ ಹೇಳಬೇಕು. ರಜೆ ಅರ್ಜಿ ಬರೆಯುವಾಗ ನಾವು ಎಡಗಡೆ ಮೊದಲು ‘ಇಂದ’ ಅಂತ ಹಾಕಿ ನಮ್ಮ ಹೆಸರು, ಆಮೇಲೆ ‘ಗೆ’ ಅಂತ ಹಾಕಿ ಮೇಷ್ಟ್ರ ಹೆಸರು ಬರೆಯುತ್ತೇವಲ್ಲ, ಅದು ಇಂಗ್ಲಿಷ್ ಅರ್ಜಿಯ ನಕಲು ಅಂತ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನದ ಮೊದಲ ಪದ ‘ಸುವಂಣಗಿರೀತೇ’. ಪ್ರಾಕೃತ. ಅರ್ಥ, ‘ಸುವರ್ಣಗಿರಿಯಿಂದ’. ಸುವರ್ಣಗಿರಿಯಿಂದ, ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನ ಮೇರೆಗೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು, ಹೀಗೆ ಶುರುವಾಗುತ್ತದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಕಚೇರಿ ಕಾಗದ, ಮೊದಲೇ ‘ಇಂದ’. ಆ ಸುವರ್ಣಗಿರಿ ನಮ್ಮ ಕೊಪ್ಪಳ ಜಿಲ್ಲೆಯ ಕನಕಗಿರಿಯೇ ಅಂತ ಹಲವು ವಿದ್ವಾಂಸರ ಮತ. ಮಸ್ಕಿ ಅನ್ನುವವರಿದ್ದಾರೆ, ಕರ್ನೂಲು ಕಡೆಯ ಜೊನ್ನಗಿರಿ ಅನ್ನುವವರೂ ಇದ್ದಾರೆ. ಇತ್ತ 1915ರಲ್ಲಿ ಸಿಕ್ಕ ಮಸ್ಕಿಯ ಶಾಸನದಲ್ಲಿ ರಾಜನ ಹೆಸರು ಬರುವುದು ‘ಅಸೋಕಸ’ ಅಂತ, ಷಷ್ಠಿಯಲ್ಲಿ, ‘ಅಶೋಕನ’. ಒಂದು ಬಂಡೆಯ ಮೇಲೆ ‘ಇಂದ’, ಇನ್ನೊಂದರ ಮೇಲೆ ‘ಅ’. ಮಸ್ಕಿಯ ಗುಡ್ಡ ಹತ್ತಿ, ಗ್ರಿಲ್ಲಿನ ಆಚೆಗಿರುವ ಆ ಅಕ್ಷರಗಳನ್ನು ನೋಡುತ್ತ ನಿಂತಾಗ ನನಗೆ ಬೇರೆ ಯಾವ ಚರಿತ್ರೆಯೂ ನೆನಪಾಗಲಿಲ್ಲ, ಆ ಹುಡುಗಿಯ ಎರಡು ಸಾಲೇ ನೆನಪಾದವು.

ಕಾಲುವೆ

ಸಿರವಾರದ ಹತ್ತಿರ ನಮ್ಮ ಸೋದರಮಾವನ ಹೊಲ. ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಹೆಚ್ಚು ಹರಿದು ಬರುವಷ್ಟರಲ್ಲಿ ಸೊರಗಿಹೋಗುವ ಕೊನೆಯ ಭಾಗ, ಎಲ್ಲರ ಬಾಯಲ್ಲಿ ಟೇಲೆಂಡ್. ನನಗೆ 10 ವರ್ಷ ಇದ್ದಾಗ ಒಂದು ಬೇಸಿಗೆ ರಜೆಯಲ್ಲಿ ಮಾವನ ಜೊತೆ ರಾತ್ರಿ ನೀರು ಕಾಯಲು ಹೋಗಿದ್ದೆ. ನಮ್ಮ ಪಾಳಿ ರಾತ್ರಿ ಹನ್ನೊಂದಕ್ಕೆ. ಹನ್ನೊಂದಾಯಿತು, ಹನ್ನೆರಡಾಯಿತು, ತೂಬಿನಲ್ಲಿ ಒಣ ಗಾಳಿ ಬಿಟ್ಟು ಏನೂ ಇಲ್ಲ. ಮಾವ ಬ್ಯಾಟರಿ ಹಿಡಿದು ಏರಿಯ ಮೇಲೆ ಮೇಲಕ್ಕೆ ನಡೆದ. ನಾನು ಅವನ ಧೋತರದ ಚುಂಗು ಹಿಡಿದುಕೊಂಡು ಹಿಂದೆ. ಎಷ್ಟೋ ದೂರ ಹೋದ ಮೇಲೆ ಮೋಟರಿನ ಸದ್ದು ಕೇಳಿತು. ಮೇಲಿನ ಊರಿನವರು ಕಾಲುವೆಗೆ ಪೈಪು ಇಳಿಬಿಟ್ಟು ನೀರು ಎತ್ತುತ್ತಿದ್ದರು. ಮಾತಿಗೆ ಮಾತು ಬೆಳೆಯಿತು. ನಾಲ್ಕೈದು ಜನ, ಕೈಯಲ್ಲಿ ಸಲಿಕೆ. ಮಾವ ಒಬ್ಬನೇ. ಅವನು ಅವತ್ತು ಕೂಗಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: “ನೀರು ಹುಟ್ಟಿದ್ದು ನಿಮ್ಮನ್ಯಾಗಲ್ಲ!”

ಬೆಳಗಿನ ಜಾವ ನೀರು ಬಂತು. ಯಾರು ಬಿಟ್ಟರೋ, ಯಾಕೆ ಬಿಟ್ಟರೋ. ಮೊದಲು ಬಂದದ್ದು ನೀರಲ್ಲ, ನೊರೆ, ಒಣ ದಂಟು, ಹುಳ. ಆಮೇಲೆ ಒಂದು ಬೆರಳು ಎತ್ತರದ ನೀರು, ಹಾದಿ ತಿಳಿಯದವರ ಹಾಗೆ ನಿಂತು ನಿಂತು. ಎರೆಭೂಮಿಯ ಬಿರುಕಿನಲ್ಲಿ ಅದು ಇಳಿಯುವಾಗ ಬಾಟಲಿ ತುಂಬುವ ಸದ್ದು. ಮಾವ ಬಿರುಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಆ ಸದ್ದು ನಿಲ್ಲುವ ತನಕ ಏಳಲಿಲ್ಲ.

ಎಂಎ ಓದುವಾಗ ಒಂದು ಮಧ್ಯಾಹ್ನ ಲೈಬ್ರರಿಯ ದೊಡ್ಡ ನಿಘಂಟಿನಲ್ಲಿ ‘ಡಿರೈವ್’ ಹುಡುಕಿದೆ. ‘ಡಿರೈವ್ ಫ್ರಮ್’, ಮೂಲ ಹೇಳುವ ಇಂಗ್ಲಿಷ್ ಮಾತುಗಳಲ್ಲಿ ಎಲ್ಲಕ್ಕಿಂತ ಒಣಗಿದ್ದು, ಗಣಿತದ ಸೂತ್ರಕ್ಕೂ ಪದಗಳ ವ್ಯುತ್ಪತ್ತಿಗೂ ಬಳಸುವುದು. ಲ್ಯಾಟಿನ್ನಿನಲ್ಲಿ ‘ರಿವುಸ್’ ಅಂದರೆ ಹಳ್ಳ, ತೊರೆ. ‘ಡೆ’ ಅಂದರೆ ಅದರಿಂದ. ‘ಡೆರಿವಾರೆ’, ಹರಿಯುವ ನೀರನ್ನು ಅದರ ಪಾತ್ರದಿಂದ ಬೇರೆ ಕಡೆಗೆ ತಿರುಗಿಸಿ ಒಯ್ಯುವುದು. ಅಂದರೆ ಕಾಲುವೆ ತೆಗೆಯುವುದು! ನಾನು ನಿಂತಲ್ಲೇ ಪುಟ ತಿರುವಿ ‘ರೈವಲ್’ ನೋಡಿದೆ. ಅದೂ ಅದೇ ‘ರಿವುಸ್’. ‘ರಿವಾಲಿಸ್’ ಅಂದರೆ ಒಂದೇ ಹಳ್ಳದ ನೀರು ಬಳಸುವವನು. ಎದುರಾಳಿ ಅನ್ನುವ ಅರ್ಥ ಅಲ್ಲಿಂದ ಬಂತು. ಸಿರವಾರದ ಏರಿಯ ಮೇಲೆ ಬ್ಯಾಟರಿ ಹಿಡಿದು ನಿಂತ ಮಾವ, ಸಲಿಕೆ ಹಿಡಿದ ಆ ನಾಲ್ಕೈದು ಜನ, ಇವರೆಲ್ಲ ಎರಡು ಸಾವಿರ ವರ್ಷದ ಹಿಂದಿನ ಲ್ಯಾಟಿನ್ ಪದದ ಒಳಗೆ ನಿಂತಿದ್ದರು. ಅವತ್ತು ಹಾಸ್ಟೆಲಿಗೆ ಹೋಗಿ ಮಾವನಿಗೆ ಕಾಗದ ಬರೆದೆ. ಅವನಿಗೆ ಏನು ಅರ್ಥವಾಯಿತೋ, ‘ಈ ಸಲ ನೀರು ಬಂದಾವ’ ಅಂತ ಉತ್ತರ ಬರೆಸಿ ಕಳಿಸಿದ.

ಮಾವನ ‘ಹುಟ್ಟಿದ್ದು’ ಅನ್ನುವ ಪದವನ್ನೂ ಬಿಡಬಾರದು. ನದಿ ಕನ್ನಡದಲ್ಲಿ ಹುಟ್ಟುತ್ತದೆ, ‘ಅಲ್ಲಿ’ ಹುಟ್ಟುತ್ತದೆ. ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಸೇರುತ್ತವೆ. ಸಪ್ತಮಿ. ಇಂಗ್ಲಿಷಿನಲ್ಲೂ ನದಿಗೆ ‘ರೈಸಸ್ ಇನ್’, ‘ಒರಿಜಿನೇಟ್ಸ್ ಇನ್’ ಅನ್ನುವುದೇ ರೂಢಿ. ನದಿ ಅಲ್ಲಿ ಏಳುತ್ತದೆ, ಸೂರ್ಯ ಎದ್ದ ಹಾಗೆ. ‘ಒರಿಜಿನ್’ ಪದದ ಬೇರಿನಲ್ಲೂ ಇರುವುದು ಏಳುವುದೇ. ಎರಡು ಭಾಷೆಗಳೂ ಒಪ್ಪುವ ಅಪರೂಪದ ಜಾಗ ಇದು. ನಮ್ಮ ಮಕ್ಕಳು ಇಲ್ಲೇ ಎಡವುತ್ತಾರೆ. ಮೂಲ ಅಂದ ಕೂಡಲೇ ‘ಫ್ರಮ್’ ಅಂತ ನಾವು ಅವರ ತಲೆಯಲ್ಲಿ ಕೂಡಿಸಿರುತ್ತೇವೆ, ಹಾಗಾಗಿ ‘ತುಂಗಾ ಒರಿಜಿನೇಟ್ಸ್ ಫ್ರಮ್’ ಬರೆಯುತ್ತಾರೆ. ಕನ್ನಡದಲ್ಲೇ ಯೋಚಿಸಲು ಬಿಟ್ಟಿದ್ದರೆ ಸರಿಯಾಗಿ ಬರೆಯುತ್ತಿದ್ದರು.

ಕಟ್ಟಿಗೆಯದು, ಬೀಜದಿಂದ ಮಾಡಿದ್ದು

‘ಮೇಡ್ ಆಫ್’, ‘ಮೇಡ್ ಫ್ರಮ್’. ಪ್ರತಿ ವರ್ಷದ ಪರೀಕ್ಷೆಯ ಪ್ರಶ್ನೆ. ವಸ್ತು ನೋಡಿದರೆ ಗುರುತು ಸಿಗುವಂತಿದ್ದರೆ ‘ಆಫ್’, ರೂಪ ಬದಲಾಗಿ ಗುರುತು ಹೋಗಿದ್ದರೆ ‘ಫ್ರಮ್’. ಡ್ಯಾಮಿನ ಗೇಟು ಉಕ್ಕಿನದು, ಹಾಗಾಗಿ ‘ಆಫ್’. ಉಕ್ಕು ಸಂಡೂರಿನ ಅದಿರಿನಿಂದ ಆದದ್ದು, ಹಾಗಾಗಿ ‘ಫ್ರಮ್’. ಹೀಗೆ ವರ್ಷಾನುಗಟ್ಟಲೆ ಕಲಿಸಿದೆ. ಇದು ಇಂಗ್ಲಿಷಿಗೆ ಮಾತ್ರ ಇರುವ ಸೂಕ್ಷ್ಮ, ಕನ್ನಡದಲ್ಲಿ ಇಲ್ಲ ಅಂತಲೂ ಸೇರಿಸುತ್ತಿದ್ದೆ. ಆ ಮಾತನ್ನು ಈಗ ವಾಪಸ್ ತಗೊಳ್ಳಬೇಕಾಗಿದೆ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದವಳು ಅಕ್ಕನ ಮಕ್ಕಳನ್ನು ಕರೆದುಕೊಂಡು ಕಿನ್ನಾಳಕ್ಕೆ ಹೋಗಿದ್ದೆ. ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಒಬ್ಬ ಹಿರಿಯರು ಕೂತು ಬಣ್ಣ ಹಚ್ಚದ ಗೊಂಬೆಯೊಂದರ ತೋಳಿನ ಸಂದಿಗೆ ಕಂದು ಬಣ್ಣದ ಹಿಟ್ಟಿನಂಥದ್ದನ್ನು ತುಂಬುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿ, ಒದ್ದೆ ಬೆರಳಿನಿಂದ ಸವರಿ, ಮತ್ತೆ ಒತ್ತಿ. ಮೂರನೆಯ ಸಲಕ್ಕೆ ತೋಳು ಎಲ್ಲಿ ಸೇರಿದೆ ಅನ್ನುವುದೇ ಕಾಣದಾಯಿತು. ಕಿರಿಯವನು ಕೇಳಿದ, “ಇದು ಯಾತರದು ಅಜ್ಜ?” ಅವರು ತಲೆ ಎತ್ತದೆ, “ಗೊಂಬಿ ಕಟ್ಟಿಗೀದಪ. ಈ ಕಿಟ್ಟ ಹುಣಸಿಬೀಜದಿಂದ ಮಾಡಿದ್ದು,” ಅಂದರು. ಸೆಣಬಿನ ಚಿಂದಿ ಕೊಳೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಸೇರಿಸಿ, ಹುಣಸೆಬೀಜದ ಅಂಟಿನಲ್ಲಿ ಕಲಸುವುದು ಅಂತ ವಿವರಿಸಿದರು. ಹುಡುಗ ಕಿಟ್ಟವನ್ನು ಮೂಸಿ ನೋಡಿ, “ಹುಣಸಿ ವಾಸನೀನ ಇಲ್ಲ,” ಅಂದ. “ಎಲ್ಲಿರ್ತೈತೋ? ಬೀಜ ಹೋಗಿ ಕಿಟ್ಟ ಆಗೇತಿ.”

ನಾನು ಆ ಮಾತಿನಲ್ಲೇ ನಿಂತುಬಿಟ್ಟೆ. ಕಟ್ಟಿಗೆಯದು, ಬೀಜದಿಂದ ಮಾಡಿದ್ದು. ಗುರುತು ಉಳಿದಲ್ಲಿ ಷಷ್ಠಿ, ಗುರುತು ಹೋದಲ್ಲಿ ‘ಇಂದ’. ಇಂಗ್ಲಿಷಿನ ‘ಆಫ್’ ಮತ್ತು ‘ಫ್ರಮ್’ ಇದೇ ಅಲ್ಲವೇ? ಚಿನ್ನದ ಸರ ಅನ್ನುತ್ತೇವೆ, ಮಣ್ಣಿನ ಗಡಿಗೆ ಅನ್ನುತ್ತೇವೆ. ಮೊಸರನ್ನು ಹಾಲಿನದು ಅಂದರೂ ಹಾಲಿನಿಂದ ಆದದ್ದು ಅನ್ನುವಾಗ ಆಗುವ ಸಮಾಧಾನ ಬೇರೆ. ಎಲ್ಲ ಕಡೆಯೂ ಗೆರೆ ಕೊರೆದ ಹಾಗೆ ಈ ನಿಯಮ ನಿಲ್ಲುವುದಿಲ್ಲ, ಇಂಗ್ಲಿಷಿನಲ್ಲೂ ನಿಲ್ಲುವುದಿಲ್ಲ. ಆದರೆ ಒಲವು ಎರಡರಲ್ಲೂ ಒಂದೇ. ಇನ್ನೂ ಸೋಜಿಗವೆಂದರೆ ಇಂಗ್ಲಿಷಿನ ‘ಆಫ್’ ಹುಟ್ಟುವಾಗ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥವೇ ‘ಅಲ್ಲಿಂದ, ಆಚೆಗೆ’. ದೀಪ ಆರಿಸುವಾಗಿನ ಇನ್ನೊಂದು ‘ಆಫ್’ ಇದೆಯಲ್ಲ, ಅದೂ ಇದೂ ಮೊದಲಿಗೆ ಒಂದೇ ಪದ, ಒತ್ತಿ ಹೇಳಿದ್ದು ಬೇರೆಯಾಗಿ ನಿಂತಿತು. ಶತಮಾನಗಳು ಕಳೆದಂತೆ ದೂರ ಹೋಗುವುದನ್ನು ಹೇಳುತ್ತಿದ್ದ ಪದ ಸೇರಿದ್ದನ್ನು ಹೇಳುವ ಪದವಾಯಿತು. ಒಂದು ಕಾಲದ ‘ಇಂದ’ ಇವತ್ತು ‘ಅ’ ಆಗಿದೆ. ಪದಗಳಿಗೆ ಇದಾಗುವುದಾದರೆ, ಕ್ಯಾಂಪಿನ ಮನೆಗಳಿಗೆ ಯಾಕೆ ನಾವು ಇಷ್ಟು ಕಾಲ ತಗೊಳ್ಳುತ್ತಿದ್ದೇವೆ ಅನ್ನುವುದು ನನಗೆ ನಿಜವಾಗಿಯೂ ನೋವಿನ ಪ್ರಶ್ನೆ. ಆ ಹುಡುಗಿ ಕಾಲೇಜಿಗೆ ಸೇರುವಾಗ 371ಜೆ ಸರ್ಟಿಫಿಕೇಟು ಕೊಟ್ಟಿದ್ದಳು, ಈ ಭಾಗದವಳು ಅಂತ ಸರಕಾರದ ಮೊಹರು. ಅವಳ ವಾಕ್ಯಕ್ಕೆ ಮೊಹರು ಹಾಕಲು ತಡ ಮಾಡಿದ್ದು ನಾನು.

ಕ್ಯಾಂಪಿಗೆ ಹೋದದ್ದು

ಅವಳು ಎರಡನೇ ಪಿಯು ಮುಗಿಸಿದ ವರ್ಷ ದುರ್ಗಾಪೂಜೆಗೆ ಕರೆದಳು. ಸಂಜೆ ಹೋದೆ. ರಸ್ತೆಯ ಎರಡೂ ಬದಿಗೆ ಭತ್ತ, ಮನೆಗಳ ಹಿಂದೆ ಸಣ್ಣ ಕೆರೆಗಳು, ಕೆರೆಯ ದಂಡೆಯ ಮೇಲೆ ಬಲೆ ಒಣಹಾಕಿದ್ದರು. ಪೆಂಡಾಲಿನಲ್ಲಿ ಡೋಲಿನ ಸದ್ದು, ಹೆಂಗಸರು ಬಾಯಲ್ಲಿ ಮಾಡುವ ಉಲು ಧ್ವನಿ. ಅವಳ ಮನೆಯ ಮುಂದೆ ಅಜ್ಜ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. 80 ದಾಟಿರಬಹುದು. ಕಾಲುವೆಯ ಗುತ್ತಿಗೆ ಕೆಲಸದಲ್ಲಿ, ಹೊಲದ ಕೆಲಸದಲ್ಲಿ ಕಲಿತ ಕನ್ನಡ, ನಮ್ಮ ರಾಯಚೂರಿನದೇ ಕನ್ನಡ, ‘ಅ’ಗಳು ಮಾತ್ರ ಒಂಚೂರು ದುಂಡಗೆ. ಮೊಮ್ಮಗಳು, “ನಮ್ಮ ಇಂಗ್ಲಿಷ್ ಮೇಡಂ,” ಅಂತ ಪರಿಚಯ ಮಾಡಿದಳು. ಕೇಮ್ ಮತ್ತು ಕಮ್ಸ್‌ನ ಕಥೆ ಅವರಿಗೆ ಹೇಳಿದ್ದಳೋ ಇಲ್ಲವೋ. ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಖುಲ್ನಾದ ಬಗ್ಗೆ ಕೇಳಬೇಕು ಅಂತ ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದೆ, ನದಿ ಹೇಗಿತ್ತು, ಹೊರಟ ದಿನ ಏನೇನು ಹೊತ್ತು ತಂದರು. ಬಾಯಿ ತೆರೆಯುವಷ್ಟರಲ್ಲಿ ಅವರೇ ಕುರ್ಚಿ ತರಿಸಿದರು, ತಟ್ಟೆಯಲ್ಲಿ ಮಂಡಕ್ಕಿ, ತೆಂಗಿನ ಉಂಡೆ ಇಡಿಸಿದರು. ನಾನು ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವ ತನಕ ಸುಮ್ಮನಿದ್ದು, ಆಮೇಲೆ ಮನೆಯ ಹಿರಿಯರು ಬಂದವರನ್ನು ಕೇಳುವ ಹಾಗೆ ಕೇಳಿದರು.

“ಯಾ ಊರ್ರಿ ಮೇಡಂ ನಿಮ್ಮದು?”

“ಕುಷ್ಟಗಿ ರೀ.”

“ಹಾಂ, ಕುಷ್ಟಗಿ.” ತಲೆಯಾಡಿಸಿದರು. “ಎಷ್ಟು ವರ್ಷ ಆತ್ರಿ ನಮ್ಮೂರಿಗೆ ಬಂದು?”

“ಹತ್ತು ವರ್ಷ,” ಅಂದೆ.

“ಹೊಸಬರು,” ಅಂದರು ಮೊಮ್ಮಗಳ ಕಡೆ ತಿರುಗಿ, “ಇನ್ನೊಂದೀಟು ಮಂಡಕ್ಕಿ ಹಾಕವ್ವ.”